ಮರಳಿ ಗುಂಗುರಿಗೆ: ಒಂದು ತಲೆ, ಎರಡು ಕೂದಲು

ನೇರ ಮಾಡಿಸಿಕೊಂಡ ಕೂದಲನ್ನು ಮತ್ತೆ ಗುಂಗುರು ಮಾಡಿಕೊಳ್ಳುವುದು ಹೇಗೆ? ಅಮೆರಿಕದ ಕಪ್ಪು ಮಹಿಳೆಯರನ್ನು ಕಾಡುವ ಪ್ರಶ್ನೆಗಳಲ್ಲಿ ಇದೂ ಒಂದು ಎಂದರೆ ನಮ್ಮಲ್ಲಿ ಹಲವರಿಗೆ ನಗು ಬಂದೀತು. ಇದರಲ್ಲೇನಿದೆ, ನೇರ ಮಾಡಿಸುವುದನ್ನು ನಿಲ್ಲಿಸಿದರಾಯಿತಲ್ಲ ಎಂದು ಯಾರಾದರೂ ಕೇಳಿಯಾರು. ನಿಲ್ಲಿಸುವುದೇನೋ ಒಂದು ದಿನದ ಮಾತು. ಆದರೆ ಅದು ಪೂರ್ತಿಯಾಗಲು ಒಂದೂವರೆ ವರ್ಷವೋ ಎರಡು ವರ್ಷವೋ ಬೇಕು. ಅಲ್ಲಿಯವರೆಗೆ ತಲೆಯ ಮೇಲೆ ಎರಡು ಜಾತಿಯ ಕೂದಲು ಒಟ್ಟಿಗೆ ಬಾಳಬೇಕಾಗುತ್ತದೆ. ಬುಡದಲ್ಲಿ ಹೊಸದಾಗಿ ಹುಟ್ಟಿದ ಗುಂಗುರು, ತುದಿಯಲ್ಲಿ ಹಿಂದೆ ಔಷಧಿ ಹಾಕಿಸಿಕೊಂಡ ನೇರ ಕೂದಲು. ಇವೆರಡೂ ಕೂಡುವ ಜಾಗದಲ್ಲಿ ಕೂದಲು ಒಣಕಡ್ಡಿಯಂತೆ ಪಟ್ಟನೆ ಮುರಿಯುತ್ತದೆ.

ಈ ಮಧ್ಯಂತರ ಕಾಲಕ್ಕೆ ಅಲ್ಲಿಯವರು 'ಟ್ರಾನ್ಸಿಷನಿಂಗ್' ಎನ್ನುತ್ತಾರೆ. ಕಳೆದ ಎರಡು ದಶಕಗಳಲ್ಲಿ ಲಕ್ಷಾಂತರ ಮಂದಿ ಇದನ್ನು ದಾಟಿ ಬಂದಿದ್ದಾರೆ. ಸೌಂದರ್ಯಪ್ರಜ್ಞೆ, ಸ್ವಾಭಿಮಾನ, ನೌಕರಿ, ಕೋರ್ಟು, ಕ್ಯಾನ್ಸರಿನ ಭಯ ಎಲ್ಲವೂ ಈ ಕೂದಲಿನ ಕಥೆಯಲ್ಲಿ ಸಿಕ್ಕಾಗಿ ಹೆಣೆದುಕೊಂಡಿವೆ. ಬಿಡಿಸಬೇಕಾದರೆ ಬುಡದಿಂದಲೇ ಆರಂಭಿಸಬೇಕು.

ಮೋರಿಯ ಸೋಡಾ, ತಲೆಯ ಮೇಲೆ

ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಆ ಪ್ರೋಟೀನಿನ ಎಳೆಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ. ಎರಡು ಗಂಧಕದ ಪರಮಾಣುಗಳು ಕೈ ಹಿಡಿದುಕೊಂಡಂತಿರುವ ಈ ಕೊಂಡಿಗಳೇ ಕೂದಲಿನ ಆಕಾರವನ್ನು ಕಾಯುವುದು. ಚರ್ಮದೊಳಗೆ ಕೂದಲು ಹುಟ್ಟುವ ಚೀಲ ನೆಟ್ಟಗಿದ್ದರೆ ಕೂದಲೂ ನೆಟ್ಟಗೆ ಬರುತ್ತದೆ. ಅದು ಬಾಗಿದ್ದರೆ ಕೂದಲು ಸುರುಳಿಯಾಗುತ್ತದೆ. ಆಫ್ರಿಕಾ ಮೂಲದವರಲ್ಲಿ ಬಹಳ ಮಂದಿಗೆ ಈ ಸುರುಳಿ ಸ್ಪ್ರಿಂಗಿನಷ್ಟು ಬಿಗಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿಗಳನ್ನು ಕಂಡವರಿಗೆ ಇಂಥ ಕೂದಲಿನ ಪರಿಚಯವಿದೆ. ತಲೆಯ ಚರ್ಮದಲ್ಲಿ ಸ್ರವಿಸುವ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿ ಸುತ್ತಿಕೊಂಡ ಕೂದಲಿನಲ್ಲಿ ಇಳಿಯಲು ಅದಕ್ಕೆ ದಾರಿಯೇ ಇಲ್ಲ. ಆದ್ದರಿಂದ ಈ ಕೂದಲು ಒಣಗುವುದೂ ಬೇಗ, ತುಂಡಾಗುವುದೂ ಬೇಗ. ಅದು ಒರಟಾಗಿ ಕಾಣುತ್ತದೆಯೇ ಹೊರತು, ಸ್ವಭಾವದಲ್ಲಿ ಬಲು ನಾಜೂಕು.

ಇದನ್ನು ನೇರ ಮಾಡುವ ಔಷಧಿಗೆ 'ರಿಲ್ಯಾಕ್ಸರ್' ಎಂದು ಹೆಸರು. ಹೆಸರೇನೋ ವಿಶ್ರಾಂತಿಯನ್ನು ಸೂಚಿಸುತ್ತದೆ. ಒಳಗಿರುವುದು ಮಾತ್ರ ಸೋಡಿಯಂ ಹೈಡ್ರಾಕ್ಸೈಡ್. ಅಂದರೆ ಸಾಬೂನು ತಯಾರಿಸಲು ಬಳಸುವ, ಕಟ್ಟಿಕೊಂಡ ಮೋರಿ ಬಿಡಿಸಲು ಸುರಿಯುವ ಅದೇ ಕಾಸ್ಟಿಕ್ ಸೋಡಾ, ಕ್ರೀಮಿನ ರೂಪದಲ್ಲಿ! 14ರವರೆಗೆ ಹೋಗುವ ಕ್ಷಾರದ ಅಳತೆಗೋಲಿನಲ್ಲಿ ಇದು 12ಕ್ಕಿಂತ ಮೇಲೆಯೇ ನಿಲ್ಲುತ್ತದೆ. 'ಲೈ ಇಲ್ಲದ' ರಿಲ್ಯಾಕ್ಸರ್ ಎಂದು ಮಾರುವ ಇನ್ನೊಂದು ಬಗೆಯಲ್ಲಿ ಕಾಸ್ಟಿಕ್ ಸೋಡಾ ಇರುವುದಿಲ್ಲ. ಅದರ ಬದಲು ಎರಡು ರಾಸಾಯನಿಕಗಳನ್ನು ಬೆರೆಸಿದಾಗ ಹುಟ್ಟುವ ಗ್ವಾನಿಡೀನ್ ಹೈಡ್ರಾಕ್ಸೈಡ್ ಇರುತ್ತದೆ. ಅದೂ ಪ್ರಬಲ ಕ್ಷಾರವೇ. 2009ರಲ್ಲಿ ಬಂದ ಕ್ರಿಸ್ ರಾಕ್ ಅವರ 'ಗುಡ್ ಹೇರ್' ಸಾಕ್ಷ್ಯಚಿತ್ರದಲ್ಲಿ ಈ ಸೋಡಿಯಂ ಹೈಡ್ರಾಕ್ಸೈಡಿಗೆ ತಂಪುಪಾನೀಯದ ಅಲ್ಯುಮಿನಿಯಂ ಡಬ್ಬಿಯನ್ನು ಹಾಕಿ ತೋರಿಸುತ್ತಾರೆ. ಡಬ್ಬಿ ಕರಗಿ ಹೋಗುತ್ತದೆ.

ಈ ಕ್ಷಾರ ಗಂಧಕದ ಕೊಂಡಿಗಳನ್ನು ಮುರಿಯುತ್ತದೆ. ನಮ್ಮ ಪಾರ್ಲರುಗಳಲ್ಲಿ ಮಾಡುವ 'ರೀಬಾಂಡಿಂಗ್'ನಲ್ಲೂ ಕೊಂಡಿಗಳು ಮುರಿಯುತ್ತವೆ, ಆದರೆ ಅಲ್ಲಿ ಬಳಸುವುದು ಬೇರೆ ರಾಸಾಯನಿಕ. ಥಯೋಗ್ಲೈಕೋಲೇಟ್ ಹಾಕಿ ಕೊಂಡಿ ಬಿಡಿಸಿ, ಕೂದಲನ್ನು ಇಸ್ತ್ರಿ ಮಾಡಿದಂತೆ ನೇರ ಮಾಡಿ, ಪೆರಾಕ್ಸೈಡ್ ಹಾಕಿ ಮತ್ತೆ ಕೊಂಡಿ ಕೂಡಿಸುತ್ತಾರೆ. ರಿಲ್ಯಾಕ್ಸರಿನಲ್ಲಿ ಈ ಮರುಜೋಡಣೆಯ ಪ್ರಶ್ನೆಯೇ ಇಲ್ಲ. ಜೋಡಿ ಗಂಧಕದಲ್ಲಿ ಒಂದು ಪರಮಾಣು ಕಳಚಿಹೋಗುತ್ತದೆ. ಉಳಿದ ಒಂಟಿ ಗಂಧಕದ ಸುತ್ತ ಲ್ಯಾಂಥಿಯೋನಿನ್ ಎಂಬ ಹೊಸ ಕೊಂಡಿ ಬೀಳುತ್ತದೆ. ಅದನ್ನು ಯಾವ ಎಣ್ಣೆಯೂ, ಯಾವ ಶಾಂಪೂವೂ ಹಿಂದಿನ ಸ್ಥಿತಿಗೆ ತರಲಾರದು. ಕೂದಲು ಸತ್ತ ವಸ್ತು. ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ರಿಲ್ಯಾಕ್ಸರಿನಿಂದ ಮರಳುವ ದಾರಿ ಒಂದೇ: ಹೊಸ ಕೂದಲು ಬೆಳೆಯಬೇಕು, ಹಳೆಯದು ಕತ್ತರಿಗೆ ಹೋಗಬೇಕು.

ಹೊಸದಾಗಿ ಹುಟ್ಟುವ ಕೂದಲಿಗೆ ತುದಿಗೆ ಏನಾಗಿದೆ ಎಂದು ಗೊತ್ತಿರುವುದಿಲ್ಲ. ಅದು ಎಂದಿನಂತೆ ಸುರುಳಿಯಾಗಿಯೇ ಹೊರಬರುತ್ತದೆ. ಅದಕ್ಕೇ ಆರರಿಂದ ಎಂಟು ವಾರಗಳಿಗೊಮ್ಮೆ ಬುಡಕ್ಕೆ ಮತ್ತೆ ರಿಲ್ಯಾಕ್ಸರ್ ಹಾಕಿಸಬೇಕು. ಹಾಕುವ ಮೊದಲು ಸುಡದಿರಲೆಂದು ತಲೆಯ ಚರ್ಮಕ್ಕೆ ವ್ಯಾಸಲೀನು ಮೆತ್ತುತ್ತಾರೆ. ಹಿಂದಿನ ದಿನ ತಲೆ ಕೆರೆದುಕೊಂಡಿದ್ದರೆ ಮುಗಿಯಿತು, ಗೀರಿದ ಜಾಗವೆಲ್ಲ ಉರಿ. ಇನ್ನೆರಡು ನಿಮಿಷ ತಡೆದುಕೋ, ಚೆನ್ನಾಗಿ ಹಿಡಿಯಲಿ ಎನ್ನುವ ತಾಯಂದಿರ ಮಾತು ಅಲ್ಲಿನ ಹೆಣ್ಣುಮಕ್ಕಳ ಬಾಲ್ಯದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವರ್ಷಕ್ಕೆ ಏಳು ಬಾರಿಯಂತೆ ಇಪ್ಪತ್ತು ವರ್ಷ ಎಂದಿಟ್ಟುಕೊಂಡರೂ 140 ಬಾರಿಯಾಯಿತು.

ಹೀಗೇಕೆ ಸುಟ್ಟುಕೊಂಡರು?

ಯಾರೂ ಸುಮ್ಮನೆ ಸುಟ್ಟುಕೊಳ್ಳಲಿಲ್ಲ. ಲೂಸಿಯಾನಾ ಸ್ಪೇನಿನ ವಸಾಹತಾಗಿದ್ದಾಗ, 1786ರಲ್ಲಿ, ಗವರ್ನರ್ ಎಸ್ತೆಬಾನ್ ಮಿರೋ ಎಂಬಾತ ಒಂದು ಆಜ್ಞೆ ಹೊರಡಿಸಿದ. ಗುಲಾಮರಲ್ಲದ ಕಪ್ಪು ಹೆಂಗಸರೂ ತಲೆಗೂದಲನ್ನು ಬಟ್ಟೆಯಲ್ಲಿ ಕಟ್ಟಿ ಮುಚ್ಚಬೇಕು ಎಂಬುದು ಅದರ ಸಾರಾಂಶ. ಅವರ ಕೇಶಾಲಂಕಾರ ಅಷ್ಟು ಕಣ್ಣು ಸೆಳೆಯುತ್ತಿತ್ತು. ಆ ಹೆಂಗಸರೇನು ಕಡಿಮೆಯೇ? ಬಣ್ಣಬಣ್ಣದ ರೇಷ್ಮೆಯ ವಸ್ತ್ರಗಳನ್ನು ಸುತ್ತಿ ಅದನ್ನೇ ಹೊಸ ಅಲಂಕಾರವನ್ನಾಗಿ ಮಾಡಿಕೊಂಡರು. ಆದರೆ ಕೂದಲಿನ ಮೇಲೆ ಕಾನೂನಿನ ಕಣ್ಣು ಬಿದ್ದದ್ದಂತೂ ನಿಜ.

1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದ ಮೇಲೂ ಬಿಳಿಯರ ಕೂದಲನ್ನು ಹೋಲುವುದೇ 'ಒಳ್ಳೆಯ ಕೂದಲು' ಎಂಬ ಮಾತು ಕಪ್ಪು ಜನರ ಮನೆಗಳಲ್ಲೇ ಉಳಿದುಕೊಂಡಿತು. ಕೂದಲು ನೇರವಾಗಿದ್ದರೆ ಕೆಲಸ ಸಿಗುವುದು ಸ್ವಲ್ಪ ಸುಲಭ. ಆ ಕಾಲದಲ್ಲಿ ಕಾಯಿಸಿದ ಲೋಹದ ಬಾಚಣಿಗೆಯೇ ಸಾಧನ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ದಂಪತಿಗೆ 1867ರಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್, ಮುಂದೆ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ಕೂದಲಿನ ತೈಲ, ಮುಲಾಮುಗಳ ದೊಡ್ಡ ಉದ್ಯಮ ಕಟ್ಟಿದರು. ಕಾಯಿಸುವ ಬಾಚಣಿಗೆಯನ್ನು ಕಂಡುಹಿಡಿದವರು ಅವರೇ ಎಂದು ಇಂದಿಗೂ ಬರೆಯುವವರಿದ್ದಾರೆ. ಅದು ತಪ್ಪು. ಬಾಚಣಿಗೆ ಅವರಿಗಿಂತ ಮೊದಲೇ ಇತ್ತು, ಅದನ್ನು ಮನೆಮನೆಗೆ ತಲುಪಿಸಿದವರಲ್ಲಿ ಅವರೊಬ್ಬರು.

ರಾಸಾಯನಿಕ ವಿಧಾನದ ಆರಂಭಕ್ಕೆ ಒಂದು ಸ್ವಾರಸ್ಯದ ಕಥೆಯಿದೆ. ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಸಂಶೋಧಕ ಹೊಲಿಗೆ ಯಂತ್ರದ ಸೂಜಿ ಕಾಯದಿರಲೆಂದು ಒಂದು ದ್ರವ ತಯಾರಿಸುತ್ತಿದ್ದರಂತೆ. ಕೈಯನ್ನು ಉಣ್ಣೆಬಟ್ಟೆಗೆ ಒರೆಸಿಕೊಂಡಾಗ ಬಟ್ಟೆಯ ಎಳೆಗಳು ನೆಟ್ಟಗಾದವು. ಪಕ್ಕದ ಮನೆಯ ಗುಂಗುರುಗೂದಲ ನಾಯಿಗೆ ಹಚ್ಚಿ ನೋಡಿದರು, ಆಮೇಲೆ ತಮ್ಮ ತಲೆಗೇ ಹಚ್ಚಿಕೊಂಡರು ಎಂದು ಹೇಳುತ್ತಾರೆ. ನಾಯಿಯ ಭಾಗ ಎಷ್ಟು ನಿಜವೋ, ಮಾರ್ಗನ್ 1913ರ ಹೊತ್ತಿಗೆ ಕೂದಲಿನ ಕಂಪೆನಿ ನಡೆಸುತ್ತಿದ್ದುದು ನಿಜ. ಇದೇ ಮಾರ್ಗನ್ 1923ರಲ್ಲಿ ಸಂಚಾರ ಸಂಕೇತದ ಕಂಬವೊಂದಕ್ಕೆ ಪೇಟೆಂಟ್ ಪಡೆದವರು.

ಗಂಡಸರೂ ಹಿಂದೆ ಬೀಳಲಿಲ್ಲ. ಕಾಸ್ಟಿಕ್ ಸೋಡಾ, ಮೊಟ್ಟೆ, ಆಲೂಗಡ್ಡೆ ಬೆರೆಸಿ ತಲೆಗೆ ಹಚ್ಚಿಕೊಂಡು ಕೂದಲು ನೇರ ಮಾಡಿಕೊಳ್ಳುವುದಕ್ಕೆ 'ಕಾಂಕ್' ಎನ್ನುತ್ತಿದ್ದರು. ಮಾಲ್ಕಂ ಎಕ್ಸ್ 1965ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತಮ್ಮ ಮೊದಲ ಕಾಂಕ್ ಅನುಭವವನ್ನು ವಿವರವಾಗಿ ಹೇಳಿಕೊಂಡಿದ್ದಾರೆ. ತಲೆಗೆ ಬೆಂಕಿ ಬಿದ್ದಂತಹ ಆ ನೋವನ್ನು ಬಿಳಿಯನಂತೆ ಕಾಣುವ ಆಸೆಗಾಗಿ ತಾಳಿಕೊಂಡದ್ದೇ ತಾನು ಆತ್ಮಗೌರವ ಕಳೆದುಕೊಂಡ ಮೊದಲ ದೊಡ್ಡ ಹೆಜ್ಜೆ ಎಂಬುದು ಅವರ ಅಭಿಪ್ರಾಯ.

ಮನೆಯ ಸೋಡಾ ಕಾರ್ಖಾನೆಯ ಡಬ್ಬಿಗೆ ಬಂದದ್ದು 1950ರ ದಶಕದಲ್ಲಿ. ಷಿಕಾಗೋದ ಜಾರ್ಜ್ ಜಾನ್ಸನ್ 1954ರಲ್ಲಿ ಗಂಡಸರ ರಿಲ್ಯಾಕ್ಸರ್ ಒಂದನ್ನು ಮಾರುಕಟ್ಟೆಗೆ ತಂದರು. ವ್ಯಾಪಾರಕ್ಕೆಂದು ಕೇಳಿದಾಗ 250 ಡಾಲರ್ ಸಾಲ ಸಿಗಲಿಲ್ಲ; ರಜೆಗೆ ಪ್ರವಾಸ ಹೋಗಬೇಕು ಎಂದು ಸುಳ್ಳು ಹೇಳಿದಾಗ ಸಿಕ್ಕಿತು! ಹೆಂಗಸರಿಗೂ ತಯಾರಿಸತೊಡಗಿದ ಮೇಲೆ ಅವರ ಕಂಪೆನಿ ಬೆಳೆದು, 1971ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಸ್ಥಾನ ಪಡೆದ ಮೊದಲ ಕಪ್ಪು ಒಡೆತನದ ಸಂಸ್ಥೆಯಾಯಿತು. ಇದನ್ನು ಮರೆಯುವಂತಿಲ್ಲ. ಬಿಳಿಯರ ಬ್ಯಾಂಕುಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಸಾವಿರಾರು ಕಪ್ಪು ಕುಟುಂಬಗಳಿಗೆ ಅನ್ನ ಕೊಟ್ಟ ಉದ್ಯಮ ಇದು. ನೇರ ಮಾಡಿಸಿಕೊಂಡವರೆಲ್ಲ ಗುಲಾಮ ಮನೋಭಾವದವರು ಎಂದು ಷರಾ ಬರೆಯುವವರು ಇದನ್ನೂ, ಬೆಳಿಗ್ಗೆ ಎದ್ದು ಮೂರು ಮಕ್ಕಳ ತಲೆ ಬಾಚಿ ಕೆಲಸಕ್ಕೆ ಓಡಬೇಕಾದ ತಾಯಿಯ ಪಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಆಫ್ರೋ ಮತ್ತು ಕೋರ್ಟು

ಮರಳುವ ಮೊದಲ ಅಲೆ ಎದ್ದದ್ದು 1960ರ ದಶಕದ ಕೊನೆಯಲ್ಲಿ. ಕಪ್ಪೇ ಚೆಂದ ಎಂಬ ಚಳವಳಿಯ ಜೊತೆಗೆ ತಲೆಯ ಸುತ್ತ ಪ್ರಭಾವಳಿಯಂತೆ ಹರಡಿಕೊಂಡ 'ಆಫ್ರೋ' ಬಂತು. 1970ರಲ್ಲಿ ಎಫ್‌ಬಿಐ ತನ್ನ ಹತ್ತು ಮಂದಿಯ ಪಟ್ಟಿಗೆ ಸೇರಿಸಿ ಹುಡುಕಿದ ಏಂಜೆಲಾ ಡೇವಿಸ್ ಅವರ ಭಾವಚಿತ್ರದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. 1972ರಲ್ಲಿ ಅವರು ನಿರ್ದೋಷಿ ಎಂದು ಬಿಡುಗಡೆಯಾದರು. ಆ ಹುಡುಕಾಟದ ದಿನಗಳಲ್ಲಿ ಆಫ್ರೋ ಇದ್ದ ಒಂದೇ ಕಾರಣಕ್ಕೆ ಎಷ್ಟೋ ಮಹಿಳೆಯರನ್ನು ಪೊಲೀಸರು ತಡೆದು ಕಾಡಿದ್ದರು ಎಂದು ಡೇವಿಸ್ ಮುಂದೆ ಬರೆದರು. ತಮ್ಮ ಹೋರಾಟ ಮರೆತುಹೋಗಿ ಕೇಶಶೈಲಿಯೊಂದೇ ಜನರ ನೆನಪಿನಲ್ಲಿ ಉಳಿದ ಬಗ್ಗೆ ಅವರಿಗೆ ಬೇಸರವಿದೆ. ಇತ್ತ ಜಾನ್ಸನ್ ಕಂಪೆನಿ ಆಫ್ರೋಗೆ ಹೊಳಪು ಕೊಡುವ ಸರಕನ್ನೂ ಮಾರಿತು. ವ್ಯಾಪಾರಿಗೆ ಕೂದಲು ನೆಟ್ಟಗಿದ್ದರೇನು, ಗುಂಗುರಾದರೇನು!

ಆ ಅಲೆ ಇಳಿಯಿತು. 1980 ಮತ್ತು 90ರ ದಶಕಗಳಲ್ಲಿ ರಿಲ್ಯಾಕ್ಸರ್ ಮತ್ತೆ ಮನೆಮಾತಾಯಿತು. ಮಕ್ಕಳಿಗೆಂದೇ ಬೇರೆ ಡಬ್ಬಿಗಳು ಬಂದವು. ಇಳಿಯಲು ಕಾರಣ ಬರೀ ಫ್ಯಾಷನ್ ಅಲ್ಲ. 1981ರ ಮೊಕದ್ದಮೆಯೊಂದನ್ನು ನೋಡಿ. ಅಮೆರಿಕನ್ ಏರ್‌ಲೈನ್ಸ್‌ನ ಉದ್ಯೋಗಿಯೊಬ್ಬರು ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ ಜಡೆ ಹಾಕಿಕೊಂಡು ಬಂದರು. ಕಂಪೆನಿ ಬೇಡವೆಂದಿತು. ಅವರು ಕೋರ್ಟಿಗೆ ಹೋದರು. ಆಫ್ರೋ ಆದರೆ ಹುಟ್ಟಿನಿಂದ ಬಂದದ್ದು, ಜಡೆ ಬೇಕೆಂದು ಹೆಣೆದುಕೊಂಡದ್ದು, ಆದ್ದರಿಂದ ಇದು ಜನಾಂಗೀಯ ತಾರತಮ್ಯ ಅಲ್ಲ ಎಂದು ನ್ಯಾಯಾಲಯ ಕಂಪೆನಿಯ ಪರ ನಿಂತಿತು. 1979ರ ಸಿನಿಮಾ ಒಂದರಲ್ಲಿ ಬಿಳಿಯ ನಟಿ ಬೋ ಡೆರೆಕ್ ಅಂಥ ಜಡೆ ಹಾಕಿಕೊಂಡು ಜನಪ್ರಿಯಗೊಳಿಸಿದ ವಿಚಾರವೂ ತೀರ್ಪಿನಲ್ಲಿ ಬರುತ್ತದೆ. ನೂರಾರು ವರ್ಷಗಳಿಂದ ಆಫ್ರಿಕಾದ ಅಜ್ಜಿಯರು ಹೆಣೆಯುತ್ತ ಬಂದ ಜಡೆಗೆ ಒಂದು ಸಿನಿಮಾ ಸಾಕ್ಷಿಯಾಯಿತು!

2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯವೂ ಇದೇ ದಾರಿ ಹಿಡಿಯಿತು. ಜಟೆ ಕತ್ತರಿಸಿಕೊಳ್ಳಲು ಒಪ್ಪದ ಅಲಬಾಮಾದ ಮಹಿಳೆಗೆ ಕೊಟ್ಟಿದ್ದ ಕೆಲಸವನ್ನು ಕಂಪೆನಿ ಹಿಂತೆಗೆದುಕೊಂಡದ್ದು ತಪ್ಪಲ್ಲ ಎಂದಿತು. ಅಮೆರಿಕದ ಸೇನೆಯಂತೂ 2014ರಲ್ಲಿ ಹೊರಡಿಸಿದ ನಿಯಮಗಳಿಗೆ ಕಪ್ಪು ಮಹಿಳಾ ಯೋಧರಿಂದ ಪ್ರತಿಭಟನೆ ಬಂದಾಗ ಅದೇ ವರ್ಷ ಸಡಿಲಿಸಬೇಕಾಯಿತು. ಜಟೆಗೆ ಅನುಮತಿ ಸಿಕ್ಕಿದ್ದು 2017ರಲ್ಲಿ.

ಕೊನೆಗೆ 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ 'ಕ್ರೌನ್ ಕಾಯ್ದೆ' ತಂದಿತು. ಕೂದಲಿನ ಸ್ವರೂಪ ಮತ್ತು ಜಡೆ, ಜಟೆ, ತಿರುಚುಗಳಂತಹ ಕೇಶವಿನ್ಯಾಸದ ಕಾರಣಕ್ಕೆ ನೌಕರಿಯಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಬಳಿಕ ಎರಡು ಡಜನ್‌ಗೂ ಹೆಚ್ಚು ರಾಜ್ಯಗಳು ಇಂಥ ಕಾನೂನು ಮಾಡಿವೆ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರ ಮಾರ್ಚಿನಲ್ಲಿ ಪ್ರತಿನಿಧಿ ಸಭೆಯನ್ನು ದಾಟಿದರೂ ಸೆನೆಟ್ಟಿನಲ್ಲಿ ಪಾಸಾಗಲಿಲ್ಲ. ಕಾನೂನಿದ್ದ ಕಡೆಯೂ ಸಂದುಗಳಿವೆ. ಟೆಕ್ಸಾಸಿನಲ್ಲಿ 2023ರಲ್ಲಿ ಕಾಯ್ದೆ ಜಾರಿಗೆ ಬಂದ ಬೆನ್ನಿಗೇ ಉದ್ದ ಜಟೆಯ ವಿದ್ಯಾರ್ಥಿಯೊಬ್ಬನನ್ನು ಶಾಲೆಯೊಂದು ತಿಂಗಳುಗಟ್ಟಲೆ ತರಗತಿಯಿಂದ ಹೊರಗಿಟ್ಟಿತು. ಕಾಯ್ದೆಯಲ್ಲಿ ವಿನ್ಯಾಸದ ಮಾತಿದೆಯೇ ಹೊರತು ಉದ್ದದ ಮಾತಿಲ್ಲ ಎಂದು 2024ರಲ್ಲಿ ಅಲ್ಲಿನ ನ್ಯಾಯಾಧೀಶರು ಶಾಲೆಯ ಪರವಾಗಿ ತೀರ್ಪಿತ್ತರು.

ಗರ್ಭಕೋಶದ ಪ್ರಶ್ನೆ

ರಿಲ್ಯಾಕ್ಸರಿನ ಬಗ್ಗೆ ಭಯ ಹುಟ್ಟಿಸಿದ್ದು ಇತ್ತೀಚಿನ ವೈದ್ಯಕೀಯ ವರದಿಗಳು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರ ಅಕ್ಟೋಬರಿನಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಕಂಡಿತ್ತು. ಕೂದಲು ನೇರ ಮಾಡುವ ವಸ್ತುಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಈ ಕ್ಯಾನ್ಸರ್ ಬರುವ ಸಂಭವ ಶೇ 1.64 ಎಂದೂ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸುವವರಲ್ಲಿ ಶೇ 4.05 ಎಂದೂ ಅಂದಾಜು ಮಾಡಲಾಯಿತು. ಬಳಕೆದಾರರಲ್ಲಿ ಸುಮಾರು ಶೇ 60 ಮಂದಿ ಕಪ್ಪು ಮಹಿಳೆಯರು. ಬಾಸ್ಟನ್ ವಿಶ್ವವಿದ್ಯಾಲಯದವರು ಕಪ್ಪು ಮಹಿಳೆಯರನ್ನೇ ಕುರಿತು ನಡೆಸಿದ ಅಧ್ಯಯನ 2023ರಲ್ಲಿ ಬಂತು. ಮುಟ್ಟು ನಿಂತ ಮಹಿಳೆಯರಲ್ಲಿ ದೀರ್ಘಕಾಲ ರಿಲ್ಯಾಕ್ಸರ್ ಬಳಸಿದವರಿಗೆ ಅಪಾಯ ಇತರರಿಗಿಂತ ಶೇ 50ಕ್ಕೂ ಮಿಕ್ಕಿ ಅಧಿಕ ಎಂದು ಅದು ಹೇಳಿತು.

ಇಲ್ಲಿ ಎಚ್ಚರ ಬೇಕು. ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾದಂತಲ್ಲ. ಶೇ 4 ಎಂದರೆ ನೂರರಲ್ಲಿ 96 ಮಂದಿಗೆ ಬರುವುದಿಲ್ಲ ಎಂದೂ ಅರ್ಥ. ಆದರೂ 140 ಬಾರಿ ತಲೆಗೆ ಹಚ್ಚಿಕೊಂಡವಳಿಗೆ ಈ ಅಂಕಿಗಳು ಬರೀ ಅಂಕಿಗಳಾಗಿ ಕಾಣುವುದಿಲ್ಲ. ತಯಾರಕರ ಮೇಲೆ ಹೂಡಿದ ಸಾವಿರಾರು ದಾವೆಗಳನ್ನು 2023ರಲ್ಲಿ ಷಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿಸತೊಡಗಿದರು. ಅದೇ ವರ್ಷ, ಕೂದಲು ನೇರ ಮಾಡುವ ವಸ್ತುಗಳಲ್ಲಿ ಫಾರ್ಮಾಲ್ಡಿಹೈಡ್ ನಿಷೇಧಿಸುವ ಪ್ರಸ್ತಾವನೆಯನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ತನ್ನ ಕಾರ್ಯಸೂಚಿಗೆ ಸೇರಿಸಿತು; ಗಡುವು ಮಾತ್ರ ಮುಂದಕ್ಕೆ ಹೋಗುತ್ತಲೇ ಬಂತು. ಫಾರ್ಮಾಲ್ಡಿಹೈಡ್ ಹೆಚ್ಚಾಗಿ ಸಿಗುವುದು ರಿಲ್ಯಾಕ್ಸರಿನಲ್ಲಲ್ಲ, 'ಕೆರಾಟಿನ್ ಟ್ರೀಟ್‌ಮೆಂಟ್' ಮಾದರಿಯ ನುಣುಪು ಮಾಡುವ ದ್ರವಗಳಲ್ಲಿ. ಬೆಂಗಳೂರು, ಹುಬ್ಬಳ್ಳಿಯ ಪಾರ್ಲರುಗಳಲ್ಲಿ ಕೂತು ಅದನ್ನು ಮಾಡಿಸಿಕೊಳ್ಳುವವರು ಡಬ್ಬಿಯ ಹಿಂಬದಿ ಓದಿ ನೋಡಬಹುದು.

ಕಾಯುವ ಕಾಲ

ಇಷ್ಟೆಲ್ಲ ಯೋಚಿಸಿ ಒಬ್ಬಾಕೆ ರಿಲ್ಯಾಕ್ಸರ್ ಬಿಡಲು ನಿರ್ಧರಿಸಿದಳು ಎನ್ನೋಣ. ಅವಳ ಮುಂದೆ ಎರಡು ದಾರಿಗಳಿವೆ. ಮೊದಲನೆಯದು 'ಬಿಗ್ ಚಾಪ್'. ಎರಡು ಮೂರು ತಿಂಗಳು ಬುಡ ಬೆಳೆಯಲು ಬಿಟ್ಟು, ನೇರ ಕೂದಲನ್ನೆಲ್ಲ ಒಂದೇ ಸಲ ಕತ್ತರಿಸಿಬಿಡುವುದು. ಉಳಿಯುವುದು ಒಂದೆರಡು ಅಂಗುಲ. ಧೈರ್ಯ ಇದ್ದವರ ದಾರಿ ಇದು. ಅಮ್ಮ ಅಳುತ್ತಾಳೆ, ಗಂಡ ಸುಮ್ಮನಾಗುತ್ತಾನೆ, ಆಫೀಸಿನಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಚಿಮಮಾಂಡ ಅಡಿಚಿಯ 2013ರ 'ಅಮೆರಿಕಾನಾ' ಕಾದಂಬರಿಯ ನಾಯಕಿ ಇಫೆಮೆಲು ಕೆಲಸದ ಸಂದರ್ಶನಕ್ಕೆಂದು ರಿಲ್ಯಾಕ್ಸರ್ ಹಾಕಿಸಿಕೊಂಡು ತಲೆ ಸುಟ್ಟುಕೊಂಡು, ಆಮೇಲೆ ಕತ್ತರಿಸಿಕೊಳ್ಳುವುದು ಹೀಗೆಯೇ.

ಎರಡನೆಯದು ನಿಧಾನದ ದಾರಿ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 15 ಸೆಂಟಿಮೀಟರ್. ಆದರೆ ಬಿಗಿಸುರುಳಿಯ ಕೂದಲು ಒಣಗಿದಾಗ ಕುಗ್ಗುತ್ತದೆ. ಎಳೆದರೆ ಭುಜ ಮುಟ್ಟುವ ಕೂದಲು ಬಿಟ್ಟರೆ ಕಿವಿಯ ಮೇಲೆ ಕೂರುತ್ತದೆ. ಹಾಗಾಗಿ ವರ್ಷ ಕಾದರೂ ಏನೂ ಬೆಳೆದಿಲ್ಲ ಎಂಬ ನಿರಾಶೆ ಸಹಜ. ಇತ್ತ ಕೂಡುಗೆರೆಯಲ್ಲಿ ಕೂದಲು ಮುರಿಯದಂತೆ ಕಾಯುವುದೇ ನಿತ್ಯದ ಕಸುಬು. ಒಣಗಿದಾಗ ಬಾಚುವಂತಿಲ್ಲ. ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸಬೇಕು. ನೀರಿನ ತೇವ ಹೋಗದಂತೆ ಮೇಲೆ ಶಿಯಾ ಬೆಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ಸವರಬೇಕು. ಹತ್ತಿಯ ದಿಂಬು ತೇವ ಹೀರುತ್ತದೆಂದು ರಾತ್ರಿ ಸ್ಯಾಟಿನ್ ಟೋಪಿ ಹಾಕಿಕೊಂಡು ಮಲಗಬೇಕು. ತಲೆಸ್ನಾನಕ್ಕೆ ವಾರದಲ್ಲಿ ಒಂದು ಇಡೀ ದಿನ ಮೀಸಲು.

ಎರಡು ಬಗೆಯ ಕೂದಲು ಎದ್ದು ಕಾಣದಿರಲು ಸಣ್ಣ ಜಡೆ, ತಿರುಚುಗಳಲ್ಲಿ ಹೆಣೆದಿಡುತ್ತಾರೆ. ತೀರಾ ಬಿಗಿದರೆ ಹಣೆಯಂಚಿನ ಕೂದಲು ಬುಡಸಹಿತ ಹೋಗುತ್ತದೆ, ಕೆಲವರಿಗೆ ಮತ್ತೆ ಬರುವುದೇ ಇಲ್ಲ. ಇನ್ನು ಕೆಲವರು ಸ್ವಂತ ಕೂದಲನ್ನು ಒಳಗೆ ಹೆಣೆದು ಅದರ ಮೇಲೆ ಬೇರೆಯವರ ಕೂದಲು ಹೊಲಿಸಿಕೊಳ್ಳುತ್ತಾರೆ. 'ವೀವ್' ಎನ್ನುವ ಇದು ನಮ್ಮ ಚೌರಿಯ ದೊಡ್ಡಣ್ಣ. ಆ ಕೂದಲಿನಲ್ಲಿ ಒಂದು ಪಾಲು ಹೋಗುವುದು ತಿರುಮಲದಿಂದ! ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ, ವರ್ತಕರು ಕೊಂಡು ಹೊರದೇಶಗಳಿಗೆ ಕಳಿಸುತ್ತಾರೆ. 'ಗುಡ್ ಹೇರ್' ಚಿತ್ರದ ತಂಡ ಇದನ್ನು ನೋಡಲೆಂದೇ ಭಾರತಕ್ಕೆ ಬಂದಿತ್ತು. ಕೋಲಾರದಿಂದಲೋ ಬಳ್ಳಾರಿಯಿಂದಲೋ ಹರಕೆ ಹೊತ್ತು ಬೆಟ್ಟ ಹತ್ತಿದವಳ ಜಡೆಯೂ ಆ ರಾಶಿಯಲ್ಲಿ ಇದ್ದೀತು.

ಹೀಗೆ ಮುಚ್ಚಿಟ್ಟು, ಎರಡು ತಿಂಗಳಿಗೊಮ್ಮೆ ತುದಿಯನ್ನು ಅಷ್ಟಷ್ಟೇ ಕತ್ತರಿಸುತ್ತ ಹೋಗುತ್ತಾರೆ. ಏಳೆಂಟು ವರ್ಷದವಳಿದ್ದಾಗಲೇ ರಿಲ್ಯಾಕ್ಸರ್ ಹಾಕಿಸಿಕೊಂಡ ಹೆಂಗಸಿಗೆ ತನ್ನ ಕೂದಲು ಹೇಗಿದೆ ಎಂಬುದೇ ನೆನಪಿರುವುದಿಲ್ಲ. ಸುರುಳಿ ಸಡಿಲವೋ ಬಿಗಿಯೋ, ನೆತ್ತಿಯಲ್ಲಿ ಒಂದು ಬಗೆ, ಹಿಂದಲೆಯಲ್ಲಿ ಇನ್ನೊಂದು ಬಗೆಯೋ ಎಂದು ಮೂವತ್ತು, ನಲವತ್ತರ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಂತು ನೋಡುತ್ತಾರೆ. ಬಾಚುವುದು ಹೇಗೆಂದು ತಾಯಿಯನ್ನು ಕೇಳಿದರೆ ತಾಯಿಗೂ ಗೊತ್ತಿಲ್ಲ, ಅವಳೂ ಹಾಕಿಸಿಕೊಂಡವಳೇ. ಕೆಲವು ಮನೆಗಳಲ್ಲಿ ಮಗಳು ಮೊದಲು ಕಲಿತು, ಆಮೇಲೆ ಅಮ್ಮನ ನೇರ ತುದಿಗಳನ್ನು ತಾನೇ ಕತ್ತರಿಸಿಕೊಡುತ್ತಾಳೆ.